ಕರಗದೇ ಬದಲಾದ ಕಲ್ಲು: ಕೋಲಾರದ ನೆಲದಡಿ ಶಾಖ, ಒತ್ತಡದ ಕೆಲಸ

(ಕೋಲಾರದಲ್ಲಿ ಕಾಲೇಜು ಮಕ್ಕಳು ಮತ್ತು ಊರಿನವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಕೆಲವು ಕಲ್ಲು ಇಟ್ಟಿದ್ದೇನೆ. ಮಾತು ಮುಗಿದ ಮೇಲೆ ಬಂದು ಕೈಯಲ್ಲಿ ಹಿಡಿದು ನೋಡಿ. ಮೊದಲನೆಯದು ಶಾಲೆಯ ಸ್ಲೇಟು. ಪಕ್ಕದ್ದು ಬಳಪ. ಇಲ್ಲಿ ಕೂತಿರುವ ಹಿರಿಯರಲ್ಲಿ ತುಂಬಾ ಜನ ಅ ಆ ಇ ಈ ತಿದ್ದಿದ್ದು ಇವುಗಳಿಂದಲೇ. ಎರಡೂ ರೂಪಾಂತರ ಶಿಲೆಗಳು. ಸ್ಲೇಟು ಒಂದು ಕಾಲದಲ್ಲಿ ನೀರಿನ ತಳದಲ್ಲಿ ಕೂತ ಜೇಡಿಮಣ್ಣು. ನಮ್ಮ ಕಡೆಯ ಶಾಲೆಗಳಿಗೆ ಬರುತ್ತಿದ್ದ ಸ್ಲೇಟಿಗೆ ಆಂಧ್ರದ ಮಾರ್ಕಾಪುರ ಹೆಸರುವಾಸಿ. ಬಳಪದ ಕಲ್ಲಿನ ಹುಟ್ಟು ಬೇರೆ. ಅದು ಕಬ್ಬಿಣ, ಮೆಗ್ನೀಸಿಯಂ ಜಾಸ್ತಿ ಇದ್ದ ಕಪ್ಪು ಕಲ್ಲು. ಬಿಸಿನೀರು ಒಳಗೆ ಹರಿದು ಹರಿದು ಮೆತ್ತಗಾಯಿತು. ಉಗುರಿನಲ್ಲಿ ಗೀರಿದರೂ ಗೆರೆ ಬೀಳುತ್ತದೆ.

ಪಠ್ಯಪುಸ್ತಕದಲ್ಲಿ ಈ ವಿಷಯಕ್ಕೆ ಸಿಗುವುದು ಒಂದೇ ಸಾಲು. ‘ಶಾಖ ಮತ್ತು ಒತ್ತಡದಿಂದ ರೂಪಾಂತರ ಶಿಲೆಗಳು ಉಂಟಾಗುತ್ತವೆ. ಉದಾಹರಣೆ: ಸುಣ್ಣಕಲ್ಲು ಅಮೃತಶಿಲೆಯಾಗುವುದು.’ ಬರೆದರೆ ಅಂಕ ಸಿಗುತ್ತದೆ, ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಎಷ್ಟು ಶಾಖ, ಎಷ್ಟು ಒತ್ತಡ, ಅದು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಕೇಳದೇ ಇರುವುದರಿಂದ ಒಂದು ತಪ್ಪು ಚಿತ್ರ ತಲೆಯಲ್ಲಿ ಕೂತುಬಿಡುತ್ತದೆ. ಕಲ್ಲು ಕೆಳಗೆ ಹೋಯಿತು, ಕರಗಿತು, ಆರಿ ಇನ್ನೊಂದು ಕಲ್ಲಾಯಿತು ಅಂತ. ಹಾಗಲ್ಲ. ಕರಗಿ ಆರಿದರೆ ಅದು ಅಗ್ನಿಶಿಲೆ. ಇವತ್ತು ನಾನು ಹೇಳುವ ಕಲ್ಲು ಗಟ್ಟಿಯಾಗಿ ಇದ್ದಲ್ಲೇ, ಗಟ್ಟಿಯಾಗಿದ್ದುಕೊಂಡೇ ಬದಲಾದದ್ದು.

ಮಾಲೂರಿನ ಇಟ್ಟಿಗೆ ಗೂಡು ನೋಡಿದ್ದೀರಲ್ಲ? ಹಸಿ ಇಟ್ಟಿಗೆ ಬೇಯುವಾಗ ಕರಗಿ ಹರಿಯುವುದಿಲ್ಲ, ಆಕಾರ ಅದೇ ಇರುತ್ತದೆ. ಆದರೆ ಹೊರಬಂದದ್ದನ್ನು ನೀರಲ್ಲಿ ನೆನೆಸಿದರೆ ಮತ್ತೆ ಮಣ್ಣಾಗುವುದಿಲ್ಲ. ಒಳಗಿನ ಖನಿಜ ಬೇರೆಯಾಗಿರುತ್ತದೆ. ಕಲ್ಲಿನ ವಿಷಯದಲ್ಲೂ ಆಗುವುದು ಇದೇ ಜಾತಿಯ ಕೆಲಸ. ಎರಡು ವ್ಯತ್ಯಾಸ ಇದೆ. ಗೂಡಿನಲ್ಲಿ ಒತ್ತಡ ಇಲ್ಲ. ಮತ್ತೆ ಗೂಡಿನ ಲೆಕ್ಕ ದಿನಗಳಲ್ಲಿ, ಭೂಮಿಯ ಲೆಕ್ಕ ಲಕ್ಷ ಲಕ್ಷ ವರ್ಷಗಳಲ್ಲಿ.

ಈಗ ಎಷ್ಟು ಶಾಖ ಅನ್ನುವ ಪ್ರಶ್ನೆ. ಇದಕ್ಕೆ ಕೋಲಾರದವರಷ್ಟು ಚೆನ್ನಾಗಿ ಉತ್ತರ ಹೇಳಬಲ್ಲವರು ಕಡಿಮೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿ 2001ರಲ್ಲಿ ಮುಚ್ಚುವ ಹೊತ್ತಿಗೆ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ಆ ತಳದಲ್ಲಿ ಬಂಡೆಯ ಬಿಸಿ ಸುಮಾರು 66 ಡಿಗ್ರಿ. ಮೇಲಿನಿಂದ ತಂಪು ಗಾಳಿ ಇಳಿಸದೆ ಅಲ್ಲಿ ಮನುಷ್ಯ ನಿಲ್ಲುವ ಹಾಗಿರಲಿಲ್ಲ. ಮನೆಯಲ್ಲಿ ಅಪ್ಪನೋ ತಾತನೋ ಗಣಿಗೆ ಇಳಿದಿದ್ದರೆ ನಿಮಗೆ ನಾನು ಹೇಳಬೇಕಾಗಿಲ್ಲ. ಒತ್ತಡದ ಲೆಕ್ಕ ನೀವೇ ಹಾಕಬಹುದು. ಮೇಲೆ 3,200 ಮೀಟರ್ ಕಲ್ಲು, ಒಂದು ಘನ ಸೆಂಟಿಮೀಟರಿಗೆ ಹತ್ತಿರ ಹತ್ತಿರ 2.8 ಗ್ರಾಂ. ಅಂದರೆ ತಳದ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 900 ಕಿಲೋ ಭಾರ. ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗ ಅದು.

ಇಷ್ಟಾದರೂ, ಈ 66 ಡಿಗ್ರಿ ಮತ್ತು 900 ಕಿಲೋ ಸೇರಿ ಒಂದು ಕಲ್ಲನ್ನು ಬದಲಾಯಿಸಲಾರವು. ರೂಪಾಂತರ ಶುರುವಾಗುವುದೇ ಸುಮಾರು 200 ಡಿಗ್ರಿಯಿಂದ. ಸ್ಲೇಟು ಆಗುವುದು ಆ ಆರಂಭದ ಹಂತದಲ್ಲಿ. ಖಂಡಗಳ ಕೆಳಗೆ ಸಾಮಾನ್ಯವಾಗಿ ಕಿಲೋಮೀಟರಿಗೆ 25–30 ಡಿಗ್ರಿಯಂತೆ ಬಿಸಿ ಏರುತ್ತದೆ. ನಮ್ಮ ನೆಲ ತುಂಬಾ ಹಳೆಯದು, ತಣ್ಣಗಾಗಿದೆ. ಇಲ್ಲಿ ಏರಿಕೆ ಅದರ ಅರ್ಧದಷ್ಟೂ ಇಲ್ಲ. ಹಾಗಾಗಿಯೇ ಕೆಜಿಎಫ್‌ನಲ್ಲಿ ಅಷ್ಟು ಆಳ ಇಳಿಯಲು ಆಯಿತು ಅನ್ನುವುದನ್ನೂ ನೆನಪಿಡಿ.

ಆದರೆ ಅದೇ ಗಣಿಯ ಗೋಡೆಯ ಕಲ್ಲು ಏನು ಹೇಳುತ್ತದೆ? ಮೇಜಿನ ಮೇಲಿನ ಮೂರನೇ ಕಲ್ಲು ನೋಡಿ, ಕಪ್ಪಗೆ, ಸಣ್ಣ ಸಣ್ಣ ಸೂಜಿಗಳು ಒಂದೇ ಕಡೆಗೆ ಮುಖ ಮಾಡಿ ಮಿನುಗುತ್ತಿವೆ. ಇದರ ಹೆಸರು ಆಂಫಿಬೊಲೈಟ್. ಷಿಸ್ಟ್ ಅಂದರೆ ಪದರ ಪದರವಾಗಿ ಸೀಳುವ ರೂಪಾಂತರ ಶಿಲೆ. ಕೋಲಾರದ ಷಿಸ್ಟ್ ಪಟ್ಟಿಯ ಬಹುಪಾಲು ಈ ಆಂಫಿಬೊಲೈಟೇ. ಉತ್ತರ–ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಮಾತ್ರ ಮೂರ್ನಾಲ್ಕು ಕಿಲೋಮೀಟರ್. ದಕ್ಷಿಣದ ತುದಿ ಆಂಧ್ರ, ತಮಿಳುನಾಡು ಗಡಿ ದಾಟುತ್ತದೆ. ವಯಸ್ಸು ಸುಮಾರು 270 ಕೋಟಿ ವರ್ಷ. ಈ ಕಲ್ಲಿನ ಖನಿಜಗಳು ಹುಟ್ಟಲು 500 ಡಿಗ್ರಿ ದಾಟಬೇಕು. ಅಂದರೆ ಇವತ್ತು ಕೆಜಿಎಫ್‌ನಲ್ಲಿ ಕಾಲಿಗೆ ಎಡವುವ ಕಲ್ಲು, ಗಣಿಯ ತಳಕ್ಕಿಂತ ಎಷ್ಟೋ ಪಟ್ಟು ಆಳದಲ್ಲಿ ಇದ್ದು ಬಂದದ್ದು. ನಾನು ಇವತ್ತು ಹೇಳಬೇಕಾದ ಮುಖ್ಯ ವಿಷಯವೇ ಇದು. ನಮ್ಮ ಜಿಲ್ಲೆಯ ನೆಲ ಯಾವುದೋ ಕಾಲದ ಬೆಟ್ಟದ ಬುಡ. ಅದನ್ನು ಕಲ್ಲು ಹೇಗೆ ಹೇಳುತ್ತದೆ, ನೋಡೋಣ.

ಈ ಕಪ್ಪು ಕಲ್ಲು ಮೊದಲು ಸಮುದ್ರದ ತಳದಲ್ಲಿ ಉಕ್ಕಿದ ಬಸಾಲ್ಟ್ ಲಾವಾ. ನೀರಿನೊಳಗೆ ಲಾವಾ ಉಕ್ಕಿದರೆ ದಿಂಬಿನ ಆಕಾರದ ಉಂಡೆಗಳಾಗಿ ಒಂದರ ಮೇಲೊಂದು ಕೂರುತ್ತದೆ. ಜಿಲ್ಲೆಯ ಪೆದ್ದಪಲ್ಲಿಯಲ್ಲಿ ದಿಂಬು ಲಾವಾ ಮತ್ತು ಜ್ವಾಲಾಮುಖಿ ಉಗುಳಿದ ಚೂರುಗಳ ಕಲ್ಲು ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಗಮನಿಸಬೇಕಾದದ್ದು, ಅಷ್ಟು ಬೆಂದು, ಅಷ್ಟು ಅದುಮಿಸಿಕೊಂಡ ಮೇಲೂ ಮೂಲ ಆಕಾರ ಕಣ್ಣಿಗೆ ಸಿಗುತ್ತದೆ. ಕರಗಿದ್ದರೆ ಸಿಗುತ್ತಿತ್ತಾ? ಕರಗಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ಒಳಗೆ ಏನು ಬದಲಾಯಿತು? ಬಸಾಲ್ಟ್‌ನಲ್ಲಿ ಇದ್ದದ್ದು ಮುಖ್ಯವಾಗಿ ಪೈರಾಕ್ಸೀನ್ ಮತ್ತು ಫೆಲ್ಡ್‌ಸ್ಪಾರ್. ಎರಡರಲ್ಲೂ ನೀರಿನ ಅಂಶ ಇಲ್ಲ. ಸಮುದ್ರದ ತಳದಲ್ಲಿ ಬಿರುಕುಗಳಲ್ಲಿ ನೀರು ಸೇರಿತು. ಮುನ್ನೂರು, ನಾನೂರು ಡಿಗ್ರಿಯಲ್ಲಿ ಆ ನೀರನ್ನು ಒಳಗೆ ಕಟ್ಟಿಕೊಂಡು ಕ್ಲೋರೈಟ್, ಎಪಿಡೋಟ್ ಅನ್ನುವ ಹಸಿರು ಖನಿಜಗಳು ಹುಟ್ಟಿದವು. ಕಲ್ಲು ಹಸಿರಾಯಿತು. ಇನ್ನೂ ಬಿಸಿ ಏರಿದಾಗ ಅವು ನಿಲ್ಲಲಾರದೆ ಒಡೆದು, ಅವುಗಳ ಸಾಮಾನಿನಿಂದಲೇ ಹಾರ್ನ್‌ಬ್ಲೆಂಡ್ ಬೆಳೆಯಿತು. ಅದೇ ಈ ಕಪ್ಪು ಸೂಜಿ. ಅಣುಗಳು ಗಟ್ಟಿ ಕಲ್ಲಿನೊಳಗೇ, ಹರಳಿನ ಅಂಚಿನಲ್ಲಿ, ತೆಳುವಾದ ನೀರಿನ ಜಾಡಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತವೆ. ಒಂದೊಂದು ಹರಳು ಬೆಳೆಯಲು ಲಕ್ಷಗಟ್ಟಲೆ ವರ್ಷ ಹಿಡಿಯುತ್ತದೆ. ಅವಸರ ಮಾಡುವವರು ಯಾರೂ ಇಲ್ಲವಲ್ಲ.

ಹಸಿರು ಖನಿಜ ಒಡೆದಾಗ ಅದರಲ್ಲಿದ್ದ ನೀರಿನಲ್ಲಿ ಒಂದಷ್ಟು ಹೊರಗೆ ಬಂತು. ಅದು ಸುಮ್ನೆ ಹೋಗಲಿಲ್ಲ. ಆಳದ ಆ ಬಿಸಿನೀರಿನಲ್ಲಿ ಗಂಧಕ ಇತ್ತು. ಗಂಧಕದ ಜತೆ ಸೇರಿದರೆ ಚಿನ್ನ ನೀರಿನಲ್ಲಿ ಕರಗುತ್ತದೆ. ಸಾವಿರಾರು ಟನ್ ಕಲ್ಲಿನಲ್ಲಿ ಎಲ್ಲೋ ಒಂದು ಕಣದಂತೆ ಚದುರಿದ್ದ ಚಿನ್ನವನ್ನು ಈ ನೀರು ಹೆಕ್ಕಿಕೊಂಡು, ನೆಲ ಸೀಳಿದ್ದ ಜಾಗ ಹಿಡಿದು ಮೇಲಕ್ಕೆ ಬಂತು. ಒತ್ತಡ ಇಳಿದ ಕಡೆ, ತಣ್ಣಗಾದ ಕಡೆ ಬೆಣಚುಕಲ್ಲಿನ ಜತೆ ಚಿನ್ನ ಕೂತಿತು. ಚಾಂಪಿಯನ್ ಲೋಡ್ ಅನ್ನುವ ಪ್ರಸಿದ್ಧ ಎಳೆ ಇಂಥ ಬೆಣಚುಕಲ್ಲಿನದೇ. 120 ವರ್ಷದಲ್ಲಿ ಕೆಜಿಎಫ್‌ನಿಂದ ಸುಮಾರು 800 ಟನ್ ಚಿನ್ನ ತೆಗೆದರು ಅನ್ನುತ್ತಾರೆ. ಕಲ್ಲು ಬೆಂದಾಗ ಬಿಟ್ಟ ಬೆವರಿನ ಲೆಕ್ಕ ಅದು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಎಳೆದು ತಂದದ್ದು, ಊರು ಬೆಳೆದದ್ದು, ಎಲ್ಲ ಆಮೇಲಿನ ಕಥೆ.

ಒತ್ತಡದ ವಿಷಯ ಇನ್ನೂ ಸರಿಯಾಗಿ ಹೇಳಿಲ್ಲ. ಶಾಖ ಎಲ್ಲರಿಗೂ ಅರ್ಥವಾಗುತ್ತದೆ, ಒತ್ತಡ ಏನು ಮಾಡುತ್ತದೆ ಅನ್ನುವುದು ಕಷ್ಟ. ಸ್ಕಾಟ್ಲೆಂಡಿನ ಜೇಮ್ಸ್ ಹಾಲ್ 1800ರ ಆಸುಪಾಸಿನಲ್ಲಿ ಒಂದು ಪ್ರಯೋಗ ಮಾಡಿದ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಏನಾಗುತ್ತದೆ? ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ, ನೀರು ಹಾಕಿದರೆ ಬುಸ್ ಅನ್ನುತ್ತದೆ. ಹಾಗಾದರೆ ಭೂಮಿಯೊಳಗೆ ಬೆಂದ ಸುಣ್ಣಕಲ್ಲು ಅಮೃತಶಿಲೆ ಹೇಗಾಗಬೇಕು, ಸುಣ್ಣವೇ ಆಗಬೇಕಿತ್ತಲ್ಲ ಅಂತ ಆಗಿನ ಕಾಲದಲ್ಲಿ ದೊಡ್ಡ ವಾದ. ಹಾಲ್‌ನ ಗೆಳೆಯ, ಭೂವಿಜ್ಞಾನಿ ಜೇಮ್ಸ್ ಹಟನ್, ಆಳದಲ್ಲಿ ಒತ್ತಡ ಇರುವುದರಿಂದ ಅನಿಲ ತಪ್ಪಿಸಿಕೊಳ್ಳಲ್ಲ ಅನ್ನುತ್ತಿದ್ದ. ಆದರೆ ಸಣ್ಣ ಪ್ರಯೋಗದಿಂದ ಭೂಮಿಯ ವಿಷಯ ತೀರ್ಮಾನ ಮಾಡುವುದು ಅವನಿಗೆ ಇಷ್ಟ ಇರಲಿಲ್ಲ. ಹಾಲ್ ಮರ್ಯಾದೆಯಿಂದ ಕಾದ. 1797ರಲ್ಲಿ ಹಟನ್ ತೀರಿಕೊಂಡ ಮೇಲೆ ಕೆಲಸ ಶುರು ಮಾಡಿದ. ಬಂದೂಕಿನ ನಳಿಗೆಯೊಳಗೆ ಸೀಮೆಸುಣ್ಣದ ಪುಡಿ ತುಂಬಿ, ಬಾಯಿ ಭದ್ರವಾಗಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸಿದ. ಎಷ್ಟೋ ನಳಿಗೆ ಸಿಡಿದವು. ಸಿಡಿಯದೇ ಉಳಿದವುಗಳಲ್ಲಿ ಪುಡಿ ಗಟ್ಟಿ ಹರಳುಕಲ್ಲಾಗಿತ್ತು, ಅಮೃತಶಿಲೆಯ ಹಾಗೆ. ನನಗೆ ಭೂವಿಜ್ಞಾನದಲ್ಲಿ ತುಂಬಾ ಇಷ್ಟದ ಪ್ರಯೋಗ ಇದು. ಸಾಮಾನೂ ಅದೇ, ಬೆಂಕಿಯೂ ಅದೇ. ಅನಿಲವನ್ನು ಹೊರಗೆ ಬಿಡದೆ ಹಿಡಿದಿಟ್ಟದ್ದರಿಂದ ಇಡೀ ಫಲ ಬದಲಾಯಿತು.

ಒತ್ತಡದ ಇನ್ನೊಂದು ಕೆಲಸ ದಿಕ್ಕು ಕೊಡುವುದು. ಮೇಲಿನ ಭಾರ ಎಲ್ಲ ಕಡೆಯಿಂದಲೂ ಸಮವಾಗಿ ಒತ್ತುತ್ತದೆ, ಅದರಿಂದ ಕಲ್ಲು ದಟ್ಟವಾಗುತ್ತದೆ ಅಷ್ಟೆ. ಆದರೆ ನೆಲದ ಎರಡು ಭಾಗ ಒಂದಕ್ಕೊಂದು ತಳ್ಳಿಕೊಂಡಾಗ ಒಂದು ದಿಕ್ಕಿನ ಒತ್ತಡ ಜಾಸ್ತಿ. ಆಗ ಬೆಳೆಯುವ ಅಭ್ರಕದ ಹಾಳೆಗಳು, ಹಾರ್ನ್‌ಬ್ಲೆಂಡ್ ಸೂಜಿಗಳು ಆ ಒತ್ತಡಕ್ಕೆ ಅಡ್ಡಲಾಗಿ ಸಾಲು ನಿಲ್ಲುತ್ತವೆ. ಸ್ಲೇಟು ಹಾಳೆ ಹಾಳೆಯಾಗಿ ಸೀಳುವುದು ಇದರಿಂದಲೇ. ಕೋಲಾರದ ಪಟ್ಟಿಯಲ್ಲಿ ಈ ಪದರಗಳು ಉತ್ತರ–ದಕ್ಷಿಣವಾಗಿ, ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ಅಂದರೆ ಅದುಮಿದ್ದು ಪೂರ್ವ ಪಶ್ಚಿಮದಿಂದ. ಪಟ್ಟಿಯ ಎರಡು ಕಡೆ ಇರುವ, ಪಟ್ಟೆ ಪಟ್ಟೆಯ ರೂಪಾಂತರ ಶಿಲೆಯಾದ ನೈಸ್ ಕಲ್ಲುಗಳ ಹುಟ್ಟಿನ ಇತಿಹಾಸ ಬೇರೆ ಬೇರೆ ಅಂತ ಕಂಡುಬಂದಿದೆ. ಎರಡು ಬೇರೆ ನೆಲಗಳು ಬಂದು ಕೂಡಿದ ಹೊಲಿಗೆ ಈ ಪಟ್ಟಿ ಅಂತ ಕೆಲವು ಭೂವಿಜ್ಞಾನಿಗಳ ವಾದ. ನನಗೂ ಅದು ಒಪ್ಪುವ ಮಾತು ಅನಿಸುತ್ತದೆ.

ಆಳ ಎಷ್ಟು ಅಂತ ಹೇಳುವುದು ಹೇಗೆ? 1893ರಲ್ಲಿ ಭೂವಿಜ್ಞಾನಿ ಜಾರ್ಜ್ ಬ್ಯಾರೋ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ದಾರಿ ತೋರಿಸಿದ. ಜೇಡಿಮಣ್ಣಿನಿಂದ ಆದ ಕಲ್ಲುಗಳನ್ನೇ ಹಿಡಿದು ನಡೆದ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದಂತೆ ಕ್ಲೋರೈಟ್, ಆಮೇಲೆ ಕಪ್ಪು ಅಭ್ರಕ, ಆಮೇಲೆ ಗಾರ್ನೆಟ್, ಮುಂದೆ ಸ್ಟಾರೊಲೈಟ್, ಕಯನೈಟ್, ಕೊನೆಗೆ ಸಿಲ್ಲಿಮನೈಟ್, ಈ ಕ್ರಮದಲ್ಲಿ ಖನಿಜಗಳು ಕಾಣಿಸಿಕೊಂಡವು. ಮಣ್ಣು ಒಂದೇ, ಬೆಂದ ಮಟ್ಟ ಬೇರೆ. ಇಂಥ ಖನಿಜಗಳಲ್ಲಿ ಮೂರರ ಗುಂಪು ಒಂದು ತುಂಬಾ ಉಪಯೋಗದ್ದು: ಆಂಡಲೂಸೈಟ್, ಕಯನೈಟ್, ಸಿಲ್ಲಿಮನೈಟ್. ಮೂರರಲ್ಲೂ ಇರುವುದು ಅದೇ ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ, ಅದೇ ಅಳತೆಯಲ್ಲಿ. ಒತ್ತಡ ಕಡಿಮೆಯಾದರೆ ಆಂಡಲೂಸೈಟ್, ಒತ್ತಡ ಜಾಸ್ತಿಯಾದರೆ ಕಯನೈಟ್, ಬಿಸಿ ಜಾಸ್ತಿಯಾದರೆ ಸಿಲ್ಲಿಮನೈಟ್. ಮೂರೂ ಒಟ್ಟಿಗೆ ಇರಬಲ್ಲ ಜಾಗ ಒಂದೇ, ಸುಮಾರು 500 ಡಿಗ್ರಿ, ಸುಮಾರು 15 ಕಿಲೋಮೀಟರ್ ಆಳದ ಒತ್ತಡ. ಕಲ್ಲಿನಲ್ಲಿ ಯಾವುದು ಸಿಕ್ಕಿತು ಅಂತ ನೋಡಿದರೆ ಅದು ಎಲ್ಲಿದ್ದು ಬಂತು ಅಂತ ಹೆಚ್ಚುಕಡಿಮೆ ಹೇಳಬಹುದು.

ನಮ್ಮ ರಾಜ್ಯದಲ್ಲಿ ಇಂಥ ನಡಿಗೆ ಇನ್ನೂ ದೊಡ್ಡ ಮಟ್ಟದಲ್ಲಿ ಸಾಧ್ಯ. ಗದಗಿನ ಕಡೆಯಿಂದ ಚಿತ್ರದುರ್ಗ, ಅಲ್ಲಿಂದ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ, ಮುಂದೆ ನಾಗಮಂಗಲದ ಕಡೆಗೆ ಒಂದೇ ಷಿಸ್ಟ್ ಪಟ್ಟಿ ಹರಿದಿದೆ. ಚಿಕ್ಕನಾಯಕನಹಳ್ಳಿಯ ಕಬ್ಬಿಣ, ಮ್ಯಾಂಗನೀಸ್ ಅದಿರು ಈ ಪಟ್ಟಿಯದೇ. ಉತ್ತರದಲ್ಲಿ ಕಲ್ಲು ಹಸಿರು, ಬೆಂದದ್ದು ಕಡಿಮೆ. ದಕ್ಷಿಣಕ್ಕೆ ಬಂದಂತೆ ಹಾರ್ನ್‌ಬ್ಲೆಂಡ್, ಗಾರ್ನೆಟ್ ಬರುತ್ತವೆ. ಇನ್ನೂ ಕೆಳಗೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೆ 700 ಡಿಗ್ರಿ ದಾಟಿ ಬೆಂದ, ನೀರೆಲ್ಲ ಕಳೆದುಕೊಂಡ ಚಾರ್ನೊಕೈಟ್ ಸಿಗುತ್ತದೆ. ಇಡೀ ದಕ್ಷಿಣ ಕರ್ನಾಟಕ ಒಂದು ಓರೆಯಾದ ಹಲಗೆ. ಉತ್ತರದ ತುದಿ ತಗ್ಗಿದೆ, ದಕ್ಷಿಣದ ತುದಿ ಎದ್ದಿದೆ, ಎದ್ದ ತುದಿ ಜಾಸ್ತಿ ಸವೆದಿದೆ. ಹಾಗಾಗಿ ಬಸ್ಸಿನಲ್ಲಿ ಚಿತ್ರದುರ್ಗದಿಂದ ಚಾಮರಾಜನಗರಕ್ಕೆ ಹೋದರೆ ನೀವು ಭೂಮಿಯೊಳಗೆ ಹತ್ತಾರು ಕಿಲೋಮೀಟರ್ ಇಳಿದ ಲೆಕ್ಕ. ನಡುವೆ ಕನಕಪುರದ ಕಡೆಯ ಕಬ್ಬಾಳದುರ್ಗದಲ್ಲಿ ಬೂದು ನೈಸ್ ಕಲ್ಲಿನೊಳಗೇ ಕಡು ಬಣ್ಣದ ಚಾರ್ನೊಕೈಟ್ ಕಲೆಗಳು ಕಾಣುತ್ತವೆ. ಅಲ್ಲಿ ಕಲ್ಲು ಬದಲಾಗುತ್ತಾ ಅರ್ಧಕ್ಕೆ ನಿಂತಿದೆ. ಸಿ.ಎಸ್. ಪಿಚ್ಚಮುತ್ತು ಅವರು 1960ರಲ್ಲಿ ಇದನ್ನು ಬರೆದು ಪ್ರಪಂಚದ ಗಮನಕ್ಕೆ ತಂದರು. ಈಗಲೂ ಹೊರದೇಶದ ಭೂವಿಜ್ಞಾನಿಗಳಿಗೆ ಆ ಬಂಡೆ ಗೊತ್ತು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ನೀವೇ ಹೇಳಿ.

ಇದೇ ಶಾಖ ಇನ್ನೂ ಮುಂದೆ ಹೋದರೆ ಕರಗುವುದೂ ಶುರುವಾಗುತ್ತದೆ. ನೀರಿದ್ದರೆ 650 ಡಿಗ್ರಿಗೇ ನೈಸ್ ಕಲ್ಲಿನ ಬಿಳಿ ಭಾಗ ಮೊದಲು ಕರಗುತ್ತದೆ. ಲಾಲ್‌ಬಾಗ್ ಬಂಡೆಯಲ್ಲಿ ಬಿಳಿ ಕಪ್ಪು ಪಟ್ಟೆಗಳು ಸುತ್ತಿ ಸುಳಿದಿರುವುದನ್ನು ನೋಡಿರುತ್ತೀರಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಅಲ್ಲಿಗೆ ನನ್ನ ವಿಷಯದ ಗಡಿ ಮುಗಿಯಿತು. ಮಧುಗಿರಿಯ ಏಕಶಿಲಾ ಬೆಟ್ಟ, ದೇವರಾಯನದುರ್ಗ ಗಡಿಯ ಆಚೆಗೆ ಸೇರಿದವು. ಅವು ಸುಮಾರು 250 ಕೋಟಿ ವರ್ಷದ ಹಿಂದೆ ನಿಜವಾಗಿ ಕರಗಿ ಮೇಲೆದ್ದು ಆರಿದ ಗ್ರಾನೈಟ್.

ಇನ್ನೊಂದು ಪ್ರಶ್ನೆ ಉಳಿದಿದೆ. ಹತ್ತು ಹದಿನೈದು ಕಿಲೋಮೀಟರ್ ಆಳದಲ್ಲಿದ್ದ ಕಲ್ಲು ಇವತ್ತು ಬಿಸಿಲು ಕಾಯುತ್ತಿದೆ ಅಂದರೆ ಮೇಲಿದ್ದದ್ದು ಎಲ್ಲಿ ಹೋಯಿತು? ಮಳೆ, ಗಾಳಿ, ಹೊಳೆ ಕೊಂಡುಹೋದವು. ಮೇಲಿನ ಭಾರ ಇಳಿದಂತೆ ಕೆಳಗಿನದು ಮೆಲ್ಲಗೆ ಏಳುತ್ತದೆ, ಎದ್ದದ್ದು ಮತ್ತೆ ಸವೆಯುತ್ತದೆ. ಹಾಗೆ ಭಾರ ಇಳಿದ ಬಂಡೆ ಹಿಗ್ಗಿ, ನೆಲಕ್ಕೆ ಸಮಾನವಾಗಿ ಪದರ ಬಿಡುತ್ತದೆ. ನಮ್ಮ ಕಡೆ ಕಲ್ಲು ಕೆಲಸದವರು ಬಂಡೆ ಮೇಲೆ ಸೌದೆ ಹಾಕಿ ಬೆಂಕಿ ಹಚ್ಚಿ ಚಪ್ಪಡಿ ಎಬ್ಬಿಸುತ್ತಾರಲ್ಲ, ಅವರು ಬಳಸಿಕೊಳ್ಳುವುದು ಬಂಡೆಯ ಈ ಗುಣವನ್ನು. ಭಾರ ನಿಧಾನವಾಗಿ ಇಳಿದರೆ ಚಪ್ಪಡಿ. ಒಮ್ಮೆಗೇ ಇಳಿದರೆ ಅನಾಹುತ. ಕೆಜಿಎಫ್‌ನ ಆಳದಲ್ಲಿ ಸುರಂಗ ತೋಡಿದಾಗ ಅದುಮಿಟ್ಟಿದ್ದ ಬಂಡೆ ತಟ್ಟನೆ ಸಿಡಿಯುತ್ತಿತ್ತು. ಮೇಲೆ ಊರಿನ ಮನೆಗಳು ನಡುಗುತ್ತಿದ್ದವು. ಎಷ್ಟೋ ಮನೆಗಳ ಗಂಡಸರು ಆ ಸಿಡಿತಕ್ಕೆ ಬಲಿಯಾದರು.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಸರ್, ಅಡುಗೆಮನೆ ಕಟ್ಟೆಗೆ ಹಾಕಿಸುವ ಕರಿ ಗ್ರಾನೈಟ್ ಕೂಡ ರೂಪಾಂತರ ಶಿಲೆನಾ?’

ಇಲ್ಲಮ್ಮ. ಅದು ಗ್ರಾನೈಟೂ ಅಲ್ಲ, ವ್ಯಾಪಾರದವರು ಹಾಗೆ ಕರೆಯುತ್ತಾರೆ ಅಷ್ಟೆ. ಹೆಚ್ಚಿನದು ಡಾಲರೈಟ್. ಹಳೆಯ ನೈಸ್ ಬಂಡೆ ಸೀಳಿದಾಗ ಆ ಸೀಳಿನಲ್ಲಿ ಕೆಳಗಿನಿಂದ ದ್ರವ ನುಗ್ಗಿ ಆರಿದ್ದು. ಬೆಂಗಳೂರು, ಕೋಲಾರ ಸುತ್ತಮುತ್ತ ಇಂಥ ಕರಿಕಲ್ಲಿನ ಗೋಡೆಗಳ ದೊಡ್ಡ ಗುಂಪು ಒಂದಿದೆ, ವಯಸ್ಸು ಸುಮಾರು 237 ಕೋಟಿ ವರ್ಷ. ಇವುಗಳಲ್ಲಿ ಮೂಲ ಪೈರಾಕ್ಸೀನ್ ಬಹುಪಾಲು ಹಾಗೇ ಇದೆ, ಹಾರ್ನ್‌ಬ್ಲೆಂಡ್ ಸೂಜಿಗಳ ಸಾಲು ಇಲ್ಲ. ಇದರಿಂದ ಏನು ಗೊತ್ತಾಗುತ್ತದೆ? ಇವು ಬಂದ ಮೇಲೆ ಈ ನೆಲ ಮತ್ತೆ ಆ ಮಟ್ಟಕ್ಕೆ ಬೆಂದಿಲ್ಲ, ಆ ಆಳಕ್ಕೆ ಇಳಿದಿಲ್ಲ. ಬೇಯುವ ಕೆಲಸ ಅಷ್ಟರಲ್ಲೇ ಮುಗಿದಿತ್ತು. ಇನ್ನು ಬೂದು ಬಿಳಿ ಪಟ್ಟೆ ಸುತ್ತಿಕೊಂಡಿರುವ ಚಪ್ಪಡಿ ನಿಮ್ಮ ಮನೆಯಲ್ಲಿದ್ದರೆ ಅದು ನೈಸ್. ಅದನ್ನು ರೂಪಾಂತರ ಶಿಲೆ ಅಂತ ಧೈರ್ಯವಾಗಿ ಹೇಳಬಹುದು.

ಹಿಂದಿನ ಸಾಲಿನಿಂದ ರೈತರೊಬ್ಬರು ಎದ್ದರು: ‘ಸ್ವಾಮಿ, ಇದೆಲ್ಲ ಸರಿ. ಸಾವಿರದ ಇನ್ನೂರು ಅಡಿ ಕೊರೆಸಿದ್ರೂ ಬೋರಲ್ಲಿ ಬರೀ ಧೂಳು. ಇದಕ್ಕೇನಂತೀರಿ?’

ಅದಕ್ಕೂ ಉತ್ತರ ಇದೇ ಕಲ್ಲಿನಲ್ಲಿದೆ ಯಜಮಾನರೇ. ಮರಳುಗಲ್ಲಿನಲ್ಲಿ ಕಣಗಳ ನಡುವೆ ಸಂದು ಇರುತ್ತದೆ, ನೀರು ಅಲ್ಲಿ ನಿಲ್ಲುತ್ತದೆ. ನಮ್ಮ ನೈಸ್‌ನಲ್ಲಿ, ಆಂಫಿಬೊಲೈಟ್‌ನಲ್ಲಿ ಹರಳುಗಳು ಒಂದರ ಪಕ್ಕ ಒಂದು ಬೆಳೆದು ಬಿಗಿಯಾಗಿ ಕೂತಿವೆ, ಸಂದೇ ಇಲ್ಲ. ಗ್ರಾನೈಟ್‌ನದೂ ಅದೇ ಪಾಡು. ನೀರು ಸಿಗುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತಾ ಹೋಗುತ್ತವೆ. ಹಾಗಾಗಿ ಇನ್ನೂ ಇನ್ನೂರು ಅಡಿ ಇಳಿಸಿ ಅಂತ ಯಾರಾದರೂ ಅಂದರೆ, ಮೊದಲು ಹೊರಗೆ ಬೀಳುತ್ತಿರುವ ಪುಡಿ ಕೈಯಲ್ಲಿ ಹಿಡಿದು ನೋಡಿ. ಕಂದು ಬಣ್ಣ, ತುಕ್ಕಿನ ಕಲೆ ಕಂಡರೆ ಅಲ್ಲಿ ಎಂದಾದರೂ ನೀರು ಓಡಾಡಿದೆ. ನೂರಾರು ಅಡಿ ಒಂದೇ ಸಮ ಹೊಸ ಬೂದು ಪುಡಿಯೇ ಬರುತ್ತಿದ್ದರೆ ಕೊರೆಯುವ ಬಿಟ್ ಗಟ್ಟಿ ಬಂಡೆಯಲ್ಲಿದೆ. ಅಡಿಗೆ ಇಷ್ಟು ಅಂತ ದುಡ್ಡು ಕೊಡುವವರು ನೀವು, ಬೋರ್ ಲಾರಿಯವರಲ್ಲ.